ನಾಲ್ಕು ಪುಟದ ರೆಸ್ಯೂಮ್ ಒಂದು ಪುಟಕ್ಕೆ ಇಳಿಸಿದೆ

"ಒಂದೇ ಪುಟಾನಾ? ಹನ್ನೊಂದು ವರ್ಷ ಏನಪ್ಪಾ ಮಾಡ್ತಿದ್ದೆ ಅಂತ ಕೇಳ್ತಾರೆ ನೋಡು." ಹಳೇ ಸಹೋದ್ಯೋಗಿ ಹೀಗೆ ಹೇಳಿ ನಕ್ಕಿದ್ದ. ಆ ಒಂದು ಪುಟಕ್ಕೇ ಕೆಲಸ ಸಿಕ್ಕಿತು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ನನ್ನದು ಸ್ಟೋರ್ಸ್ ಕೆಲಸ. ಗೋದಾಮು, ಸ್ಟಾಕು, ಲೆಕ್ಕ. ಕಂಪನಿ ಬಾಗಿಲು ಹಾಕಿದ ಮೇಲೆ ಮೂರು ತಿಂಗಳಲ್ಲಿ 140 ಅರ್ಜಿಯಾದರೂ ಹಾಕಿರಬೇಕು. ಕರೆ ಬಂದದ್ದು ಎರಡೋ ಮೂರೋ. ಗಾಬರಿಯಾಗಿ, ರೆಸ್ಯೂಮ್ ಬರೆದುಕೊಡುವವರೊಬ್ಬರಿಗೆ ಅರ್ಧ ತಿಂಗಳ ಸಂಬಳದಷ್ಟು ದುಡ್ಡು ಸುರಿದೆ. ಅದೂ ಸಂಬಳವೇ ಇಲ್ಲದ ಕಾಲದಲ್ಲಿ! ಬಂದ ಫೈಲು ನೋಡಲು ಥಳಥಳ. ಎರಡು ಕಾಲಂ, ಎಡಕ್ಕೆ ನೀಲಿ ಪಟ್ಟಿ, ಅದರಲ್ಲಿ ಫೋಟೋ, ಎಕ್ಸೆಲ್‌ಗೆ ಐದಕ್ಕೆ ನಾಲ್ಕು ಸ್ಟಾರ್. ಆ ಐದನೇ ಸ್ಟಾರ್ ಯಾಕೆ ಹೋಯಿತು ಅಂತ ಯಾರಾದರೂ ಕೇಳಿದ್ದರೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಒಂದು ರಾತ್ರಿ ನಿದ್ದೆ ಬಾರದೆ, ಆ ಪಿಡಿಎಫ್ ಪೂರ್ತಿ ಕಾಪಿ ಮಾಡಿ ಸುಮ್ನೆ ನೋಟ್‌ಪ್ಯಾಡ್‌ಗೆ ಹಾಕಿದೆ. ಎದೆ ಧಸಕ್ಕೆಂದಿತು. ಎಡ ಕಾಲಮ್ಮಿನ ಸಾಲುಗಳು ಬಲ ಕಾಲಮ್ಮಿನೊಳಗೆ ನುಗ್ಗಿದ್ದವು. ಕಂಪನಿ ಹೆಸರಿನ ಪಕ್ಕದಲ್ಲೇ 'ಈಜು'. ಫೋನ್ ನಂಬರ್ ಚಿತ್ರದೊಳಗೆ ಇದ್ದದ್ದರಿಂದ ಬರಲೇ ಇಲ್ಲ. ಆ ಚಂದದ ಫಾಂಟಿನಲ್ಲಿ ಇಂಗ್ಲಿಷಿನ ಎಫ್ ಮತ್ತು ಐ ಅಂಟಿಕೊಂಡು ಒಂದೇ ಅಕ್ಷರ ಆಗಿದ್ದವು. ಹಾಗಾಗಿ 'ಸರ್ಟಿಫೈಡ್' ಇದ್ದ ಕಡೆಯೆಲ್ಲ ಮಧ್ಯದಲ್ಲಿ ಖಾಲಿ ಡಬ್ಬಿ. ಎಟಿಎಸ್, ಅಂದರೆ ಕಂಪನಿಗಳು ಅರ್ಜಿ ಸೋಸಲು ಇಟ್ಟುಕೊಂಡಿರುವ ಸಾಫ್ಟ್‌ವೇರ್, ಓದುವುದೂ ಹೆಚ್ಚುಕಡಿಮೆ ಇಂಥದ್ದನ್ನೇ. ನಂಬರೇ ಇಲ್ಲದವನಿಗೆ ಯಾರು ಫೋನ್ ಮಾಡಬೇಕು?

ಒಂದೇ ಕಾಲಂ, ಸಾದಾ ಫಾಂಟ್, ಟೇಬಲ್ ಬೇಡ, ಫೋನ್ ನಂಬರ್ ಪುಟದ ಮೇಲಂಚಿನ ಹೆಡರ್‌ನಲ್ಲಿ ಬೇಡ. ಇದೆಲ್ಲ ನಿಮಗೆ ಗೊತ್ತಿರುವುದೇ. ಒಂದು ಗಂಟೆಯಲ್ಲಿ ಮುಗಿಯಿತು. ಬೆವರಿಳಿಸಿದ್ದು ಸಾಲುಗಳು. ಮೊದಲು 'ಸ್ಟಾಕ್ ನಿರ್ವಹಣೆಯ ಜವಾಬ್ದಾರಿ ಹೊತ್ತಿದ್ದೆ' ಅಂತ ಇತ್ತು. ಹೊತ್ತವರು ಊರ ತುಂಬ ಇದ್ದಾರೆ. ಹಳೇ ಡೈರಿ ಕೆದಕಿ, ನಾಲ್ಕು ಸಂಜೆ ಕೂತು, ಆ ಸಾಲನ್ನು ಹೀಗೆ ಮಾಡಿದೆ: 'ಮೂರು ಗೋದಾಮು, ಸುಮಾರು 4,000 ಐಟಂ. ವರ್ಷಕ್ಕೊಮ್ಮೆ ಎಣಿಸುವುದು ಬಿಟ್ಟು ದಿನಾ ಕೆಲವು ರ‍್ಯಾಕ್ ಎಣಿಸಿದ್ದರಿಂದ ಲೆಕ್ಕದ ವ್ಯತ್ಯಾಸ 6%ರಿಂದ 1%ರ ಒಳಗೆ ಬಂತು.' ಇಂಥ ನಾಲ್ಕು ಸಾಲು ಸಿಕ್ಕವು. ಉಳಿದ ಮೂರು ಪುಟ ತಾನಾಗಿಯೇ ಬಿದ್ದುಹೋಯಿತು.

ನಡುವೆ ಒಂದು ಕಿತಾಪತಿಯನ್ನೂ ಮಾಡಿದೆ. ಎಟಿಎಸ್‌ಗೆ ಮಾತ್ರ ಕಾಣಲಿ ಅಂತ, ಕೆಲಸದ ಜಾಹೀರಾತಿನ ಪದಗಳನ್ನೆಲ್ಲ ಬಿಳಿ ಅಕ್ಷರದಲ್ಲಿ ಪುಟದ ಬುಡಕ್ಕೆ ತುಂಬಿದೆ. ಒಂದು ಇಂಟರ್‌ವ್ಯೂನಲ್ಲಿ ಮೇಜಿನ ಮೇಲಿದ್ದದ್ದು ಅವರ ಸಿಸ್ಟಂನಿಂದ ತೆಗೆದ ಪ್ರಿಂಟು. ಬಣ್ಣ, ಫಾಂಟು ಏನೂ ಇಲ್ಲ, ಎಲ್ಲ ಕಪ್ಪು ಅಕ್ಷರ. "ಕೆಳಗಡೆ ಇದೇನ್ರೀ, ಮಂತ್ರಾನಾ?" ಅಂದರು. ಆ ಕೆಲಸ ಅಲ್ಲಿಗೇ ಮುಗಿಯಿತು.

ಆಮೇಲೆ ನ್ಯಾಯವಾಗಿ ಪರೀಕ್ಷೆ ಮಾಡಿದೆ. ಥಳಥಳ ಫೈಲು 20 ಕಡೆ, ಹೊಸದು 20 ಕಡೆ. ಒಂದೇ ಥರದ ಕೆಲಸಗಳು. ಮೊದಲನೆಯದಕ್ಕೆ ಒಂದು ಕರೆ, ಎರಡನೆಯದಕ್ಕೆ ಐದು.

ಪ್ರತಿ ಅರ್ಜಿಗೂ ಸಾಲುಗಳ ಕ್ರಮ ಬದಲಿಸುತ್ತಿದ್ದೆ. ಇದೇನು ನನ್ನ ಬುದ್ಧಿವಂತಿಕೆ ಅಲ್ಲ. 1482ರ ಸುಮಾರಿಗೆ ಲಿಯೊನಾರ್ಡೊ ಡ ವಿಂಚಿ ಮಿಲಾನ್ ಆಳುತ್ತಿದ್ದ ಲುಡೊವಿಕೊ ಸ್ಫೋರ್ಜಾಗೆ ಕೆಲಸ ಕೇಳಿ ಬರೆಸಿದ ಪತ್ರದಲ್ಲಿ ಸೇತುವೆ, ಫಿರಂಗಿಗಳೇ ಮೊದಲು. ಚಿತ್ರ ಬರೆಯಬಲ್ಲೆ ಅನ್ನುವುದು ಕೊನೆಗೆ. ಸ್ಫೋರ್ಜಾಗೆ ಬೇಕಿದ್ದದ್ದು ಯುದ್ಧದ ಸಾಮಾನು ಅಲ್ವಾ.

ಜಾಹೀರಾತಿನ ಹದಿನೈದು ಬೇಡಿಕೆಗಳಲ್ಲಿ ನಿಜವಾಗಿ ಬೇಕಾದ ಮೂರು ಯಾವುವು ಅಂತ ಹೇಗೆ ಹಿಡಿಯುತ್ತಿದ್ದೆ? ಅದು ನನ್ನ ಹತ್ತಿರವೇ ಇರಲಿ. ನಾನೂ ಇನ್ನೊಂದೆರಡು ಸಲ ಕೆಲಸ ಬದಲಿಸಬೇಕು.

ಕೊನೆಗೆ ಹೊಸ ಫೈಲು ಹಾಕಿದ ಮೂವತ್ತು ಚಿಲ್ಲರೆ ಅರ್ಜಿಗೆ ಎಂಟೋ ಒಂಬತ್ತೋ ಕರೆ, ಎರಡು ಆಫರ್. ಸಂಬಳ ಹಳೆಯದಕ್ಕಿಂತ ಐದನೇ ಒಂದು ಭಾಗ ಜಾಸ್ತಿ. ಸುರಿದ ದುಡ್ಡು ಮೊದಲ ಮೂರು ತಿಂಗಳಲ್ಲೇ ವಾಪಸ್ ಬಂತು. ಇಂಟರ್‌ವ್ಯೂ ಮಾಡಿದವರು ಆ 6% ಸಾಲಿನ ಕೆಳಗೆ ಪೆನ್ನಿನಲ್ಲಿ ಗೆರೆ ಎಳೆದುಕೊಂಡೇ ಕೂತಿದ್ದರು. ನಲವತ್ತು ನಿಮಿಷ ಅದೊಂದರ ಮೇಲೇ ಪ್ರಶ್ನೆ.

ಕಳೆದ ವಾರ ಅದೇ ಸಹೋದ್ಯೋಗಿ ತನ್ನ ಫೈಲು ಕಳಿಸಿದ. ಹೆಸರು 'ಫೈನಲ್ ನ್ಯೂ 3', ಪುಟ ನಾಲ್ಕು. ಸದ್ಯಕ್ಕೆ ಎರಡಕ್ಕೆ ಇಳಿಸಿದ್ದೇವೆ. ಫೋಟೋ ತೆಗೆಯಲು ಮಾತ್ರ ಒಪ್ಪುತ್ತಿಲ್ಲ.