ಮುದುಕನ ಸಿಟ್ಟಿಗೆ ಬೇರು ಸಿಕ್ಕಿದ್ದು

ಸಾಗರದ ಕಡೆಯ ಅಡಿಕೆ ಬೆಳೆಗಾರನೊಬ್ಬನ ಕತೆ ಬರೆಯುತ್ತಿದ್ದೆ. ಮುದುಕ ಒಂದು ಕಡೆ ಕಾಫಿಗೆ ರೇಗುತ್ತಾನೆ, ಇನ್ನೊಂದು ಕಡೆ ಬೇಲಿಗೆ, ಮತ್ತೊಂದು ಕಡೆ ಮಗ ಹಸು ಮಾರಿದ್ದಕ್ಕೆ. ಓದಿದ ಗೆಳೆಯ, "ಇವನಿಗೆ ಬಿಪಿ ಇದೆಯೇನೋ" ಅಂದ.

ಘಟನೆಗಳನ್ನು ಬದಲಿಸಲಿಲ್ಲ, ಹಿನ್ನೆಲೆ ಕೊಟ್ಟೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ನಿಂತಾಗ ಮುಳುಗಿದ ಊರೊಂದರ ಹುಡುಗ ಅವನು. ಮನೆ ಬಿಡಬೇಕೆಂದು ಇನ್ಯಾರೋ ತೀರ್ಮಾನಿಸಿದರು, ಅವನ ಅಪ್ಪನನ್ನು ಕೇಳಿದವರಿಲ್ಲ. ಹಾಗಾಗಿ, ತನ್ನದನ್ನು ತನ್ನನ್ನು ಕೇಳದೆ ಯಾರು ಮುಟ್ಟಿದರೂ ಉರಿದುಬೀಳುತ್ತಾನೆ. ಕೇಳದೆ ಸಕ್ಕರೆ ಹಾಕಿದ ಕಾಫಿ, ಕೇಳದೆ ಸರಿಸಿದ ಬೇಲಿ, ಕೇಳದೆ ಮಾರಿದ ಹಸು, ಅವನಿಗೆ ಮೂರೂ ಒಂದೇ.

ಇದಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಅವನು ರೇಗದ ಜಾಗಗಳು. ಆಷಾಢದ ಮಳೆಗೆ, ಅಡಿಕೆ ಗೊನೆಗೆ ಹೊಡೆದ ಔಷಧಿ ಬೋರ್ಡೋ ದ್ರಾವಣ ತೊಳೆದುಹೋಗಿ, ಕೊಳೆರೋಗಕ್ಕೆ ಅರ್ಧ ಫಸಲು ಉದುರಿದರೂ ಸುಮ್ಮನಿರುತ್ತಾನೆ. ಮಳೆ ಯಾರನ್ನು ಕೇಳಿ ಬರುತ್ತೆ? ಮಂಡಿಯವನು ಎದುರಿಗೇ ದರ ಇಳಿಸಿದರೆ ನಗುತ್ತಾ ಚೌಕಾಸಿಗೆ ಕೂರುತ್ತಾನೆ, ಯಾಕೆಂದರೆ ಅಲ್ಲಿ ಅವನನ್ನು ಕೇಳುತ್ತಿದ್ದಾರೆ. (ಇಡೀ ಕತೆಯಲ್ಲಿ ನನಗಿಷ್ಟವಾದ ದೃಶ್ಯ ಇದೇ.)

ಕಾರಣ ಒಂದೇ ಆದರೂ ಸಿಟ್ಟಿನ ರೂಪ ಒಂದೇ ಇರಬೇಕಿಲ್ಲ. ಮಗನ ಮೇಲೆ ಕೂಗಾಡುತ್ತಾನೆ, ಅತ್ತಿಗೆಯೆದುರು ಬಾಯ್ತುಂಬ ಎಲೆ-ಅಡಿಕೆಯ ಕವಳ ಹಾಕಿಕೊಂಡು ಮಾತೇ ನಿಲ್ಲಿಸುತ್ತಾನೆ. ಮುಳುಗಡೆಯ ಸಂಗತಿಯನ್ನು ಅವನ ಬಾಯಲ್ಲಿ ಹೇಳಿಸಿಲ್ಲ. ಎರಡನೇ ಅಧ್ಯಾಯದಲ್ಲಿ ಸೊಸೆ ನೆಂಟರ ಜೊತೆ ಮಾತಾಡುವಾಗ ಒಂದು ಸಾಲು ಬರುತ್ತದೆ, ಅಷ್ಟೇ.