ಆಕ್ರಮಣಶೀಲ ಸ್ತನ ಕ್ಯಾನ್ಸರ್: ಬಯಾಪ್ಸಿ ವರದಿಯನ್ನು ಓದುವ ಕ್ರಮ

ಬಯಾಪ್ಸಿ ವರದಿಯಲ್ಲಿ ‘ಗ್ರೇಡ್ 3’ ಎಂದಿರುವುದನ್ನು ಮೂರನೆಯ ಹಂತವೆಂದು ತಿಳಿದು ಮನೆಮಂದಿಯೆಲ್ಲ ಕಂಗೆಡುವುದುಂಟು. ಗ್ರೇಡ್ ತಿಳಿಸುವುದು ಕೋಶಗಳ ಸ್ವಭಾವವನ್ನು. ಹಂತ ತಿಳಿಸುವುದು ರೋಗದ ಹರವನ್ನು. ಆದ್ದರಿಂದ ವರದಿಯನ್ನು ರೋಗ ಬೆಳೆದ ಕ್ರಮದಲ್ಲಿಯೇ ಓದುವುದು ಒಳ್ಳೆಯದು.

ಮೊದಲು ‘ಇನ್‌ವೇಸಿವ್’ ಎಂಬ ಪದವಿದೆಯೇ ನೋಡಿ. ಹಾಲಿನ ನಾಳದ ಒಳಸಾಲಿನಲ್ಲಿ ಲ್ಯೂಮಿನಲ್ ಕೋಶಗಳೂ ಅವುಗಳ ಸುತ್ತ ಮಯೋಎಪಿಥೀಲಿಯಲ್ ಕೋಶಗಳೂ ಹೊರಗೆ ತೆಳುವಾದ ತಳಪೊರೆಯೂ ಇರುತ್ತವೆ. ಕ್ಯಾನ್ಸರ್ ಕೋಶಗಳು ನಾಳದೊಳಗೇ ಉಳಿದಿದ್ದರೆ ಅದು ಡಿಸಿಐಎಸ್ (ಡಕ್ಟಲ್ ಕಾರ್ಸಿನೋಮಾ ಇನ್ ಸಿಟು). ತಳಪೊರೆಯನ್ನು ಭೇದಿಸಿ ಹೊರಬಂದಿದ್ದರೆ ಇನ್‌ವೇಸಿವ್, ಅಂದರೆ ರಕ್ತನಾಳ ಮತ್ತು ದುಗ್ಧರಸ (ಲಿಂಫ್) ನಾಳಗಳ ದಾರಿ ಅವುಗಳಿಗೆ ತೆರೆದುಕೊಂಡಿದೆ.

ಬಳಿಕ ಗ್ರೇಡ್. ಕೋಶಗಳು ನಾಳದಂತೆ ಜೋಡಣೆಗೊಳ್ಳುವ ಗುಣವನ್ನು ಎಷ್ಟು ಕಳೆದುಕೊಂಡಿವೆ, ಕೋಶಕೇಂದ್ರಗಳು ಎಷ್ಟು ವಿಕಾರಗೊಂಡಿವೆ, ವಿಭಜನೆ ಎಷ್ಟು ಬಿರುಸಾಗಿದೆ ಎಂಬ ಮೂರಕ್ಕೂ ತಲಾ 1ರಿಂದ 3 ಅಂಕ ಕೊಡುತ್ತಾರೆ. ಒಟ್ಟು 8 ಅಥವಾ 9 ಆದರೆ ಗ್ರೇಡ್ 3. ವಿಭಜನೆಯಲ್ಲಿ ತೊಡಗಿದ ಕೋಶಗಳನ್ನು ಗುರುತಿಸುವ ಪ್ರೋಟೀನಾದ ಕೆಐ-67ರ ಎಣಿಕೆ ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ವ್ಯತ್ಯಾಸವಾಗುವುದರಿಂದ ಅದೊಂದನ್ನೇ ಹಿಡಿದು ಚಿಂತಿಸಬೇಕಿಲ್ಲ.

ಚಿಕಿತ್ಸೆಯನ್ನು ಹೆಚ್ಚಾಗಿ ನಿರ್ಧರಿಸುವುದು ವರದಿಯಲ್ಲಿನ ಗ್ರಾಹಕಗಳ (ಬೆಳವಣಿಗೆಯ ಸಂಕೇತಗಳನ್ನು ಹಿಡಿಯುವ ಕೋಶದ ಪ್ರೋಟೀನುಗಳ) ಸಾಲು. ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟರಾನ್ ಗ್ರಾಹಕಗಳು ಶೇ 1ಕ್ಕಿಂತ ಕಡಿಮೆ ಕೋಶಗಳಲ್ಲಿ ಕಂಡರೆ ನೆಗೆಟಿವ್. ಮೂರನೆಯ ಗ್ರಾಹಕವಾದ ಹರ್-2ರ ಅಂಕ 0 ಅಥವಾ 1+ ಇದ್ದರೆ ನೆಗೆಟಿವ್, 3+ ಇದ್ದರೆ ಪಾಸಿಟಿವ್. 2+ ಇದ್ದಲ್ಲಿ ಹರ್-2 ವಂಶವಾಹಿಯ ಪ್ರತಿಗಳನ್ನು ಎಣಿಸುವ ಫಿಶ್ ಪರೀಕ್ಷೆಯ ಫಲಿತಾಂಶ ಬರುವವರೆಗೆ ಯಾವ ತೀರ್ಮಾನವೂ ಸಲ್ಲದು. ಮೂರೂ ಇಲ್ಲದ್ದು ಟ್ರಿಪಲ್ ನೆಗೆಟಿವ್. ಇದು ಮರುಕಳಿಸುವ ಅಪಾಯ ಮೊದಲ ಮೂರು ವರ್ಷಗಳಲ್ಲಿ ಹೆಚ್ಚು, ಐದು ವರ್ಷಗಳ ನಂತರ ಬಹಳ ಕಡಿಮೆ. ಮಾದರಿಯನ್ನು ಫಾರ್ಮಲಿನ್‌ಗೆ ಹಾಕಲು ತಡವಾದರೂ, ಅದರಲ್ಲಿ 6ರಿಂದ 72 ಗಂಟೆಗಳ ಮಿತಿ ಮೀರಿದರೂ ಗ್ರಾಹಕಗಳ ಫಲಿತಾಂಶ ತಪ್ಪಬಹುದು. ಸಂದೇಹವಿದ್ದರೆ ಮಾದರಿಯನ್ನು ಮೇಣದಲ್ಲಿ ಹುದುಗಿಸಿಟ್ಟ ಪ್ಯಾರಾಫಿನ್ ಬ್ಲಾಕನ್ನು ಪಡೆದು ಬೇರೊಂದು ಕಡೆ ಮರುಪರಿಶೀಲನೆ ಮಾಡಿಸಿ.

ಟ್ರಿಪಲ್ ನೆಗೆಟಿವ್ ಎಂದು ಖಚಿತವಾದರೆ, ವಯಸ್ಸು ಎಷ್ಟೇ ಇರಲಿ, ಬಿಆರ್‌ಸಿಎ ವಂಶವಾಹಿ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಈ ವಂಶವಾಹಿಗಳಲ್ಲೊಂದಾದ ಬಿಆರ್‌ಸಿಎ1 ಕೆಟ್ಟ ಕೋಶಕ್ಕೆ ತುಂಡಾದ ಡಿಎನ್‌ಎಯನ್ನು ಸರಿಯಾಗಿ ಜೋಡಿಸಿಕೊಳ್ಳಲಾಗದು. ಇಂಥ ಗಡ್ಡೆಗಳ ಮೂಲ ಸ್ತನದ ಕಾಂಡಕೋಶವೆಂಬ ಊಹೆಯಿತ್ತು. ಅದು ಲ್ಯೂಮಿನಲ್ ಕೋಶಗಳಾಗಿ ಬೆಳೆಯುವ ಪೂರ್ವಜ ಕೋಶವೆಂಬುದರತ್ತ 2009ರಲ್ಲಿ ಮೆಲ್ಬರ್ನ್‌ನ ಸಂಶೋಧಕರು ಬೊಟ್ಟುಮಾಡಿದರು. ಒಲಾಪರಿಬ್‌ನಂಥ ಔಷಧ ಬಳಸಿಕೊಳ್ಳುವುದು ಡಿಎನ್‌ಎ ದುರಸ್ತಿಯ ಆ ಕೊರತೆಯನ್ನೇ. ತಂದೆ ಅಥವಾ ತಾಯಿಯಿಂದ ಬಂದ ದೋಷವಾದರೆ ಒಡಹುಟ್ಟಿದ ಪ್ರತಿಯೊಬ್ಬರಲ್ಲೂ ಅದು ಇರುವ ಸಾಧ್ಯತೆ ಶೇ 50. ಅಣ್ಣತಮ್ಮಂದಿರೂ ಪರೀಕ್ಷೆ ಮಾಡಿಸಿಕೊಳ್ಳಬೇಕು.