ಮೊದಲು ಹೆರಿಗೆ ಕೋಣೆ, ಆಮೇಲೆ ಉಳಿದದ್ದು

2022ರ ಮಾರ್ಚ್ 1ರಂದು ನಮ್ಮ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಖಾರ್ಕಿವ್‌ನಲ್ಲಿ ದಾಳಿಗೆ ಬಲಿಯಾದ. ಅಂದಿನಿಂದ ಉಕ್ರೇನಿನ ಸುದ್ದಿ ನಮಗೆ ದೂರದ್ದಾಗಿ ಉಳಿಯಲಿಲ್ಲ. ರಾಣೆಬೆನ್ನೂರಿನಲ್ಲಿ ಸೋಲಾರ್ ಅಳವಡಿಸುವುದು ನನ್ನ ಕಸುಬು. ಹೀಗಾಗಿ ಅಲ್ಲಿನ ವಿದ್ಯುತ್ ಜಾಲದ ಮೇಲೆ ಕಣ್ಣಿಟ್ಟೆ. ಆ ವರ್ಷದ ಅಕ್ಟೋಬರ್ 10ರಿಂದ ಕ್ಷಿಪಣಿಗಳು ವಿದ್ಯುತ್ ಕೇಂದ್ರಗಳನ್ನೇ ಹುಡುಕಿಕೊಂಡು ಬಂದವು. ದೊಡ್ಡ ಟ್ರಾನ್ಸ್‌ಫಾರ್ಮರ್ ಒಂದು ಸುಟ್ಟರೆ ಹೊಸದು ಬರಲು ವರ್ಷವೇ ಹಿಡಿಯುತ್ತದೆ. 2024ರ ಏಪ್ರಿಲ್‌ನಲ್ಲಿ ಕೀವ್ ಬಳಿಯ ಟ್ರಿಪಿಲ್ಸ್ಕಾ ಉಷ್ಣ ಸ್ಥಾವರ ಒಂದೇ ದಾಳಿಗೆ ನಾಶವಾಯಿತು. ಆದರೆ ಯುದ್ಧದ ನಡುವೆಯೇ ಕಟ್ಟಿ ಮುಗಿಸಿದ ಟಿಲಿಹುಲ್ಸ್ಕಾ ಪವನ ವಿದ್ಯುತ್ ಘಟಕದ ಮೊದಲ ಹಂತದಲ್ಲಿ 114 ಮೆಗಾವ್ಯಾಟ್ 19 ಗಾಳಿಯಂತ್ರಗಳಿಗೆ ಹಂಚಿಹೋಗಿದೆ. ಚದುರಿ ನಿಂತದ್ದನ್ನು ಒಂದೇ ಏಟಿಗೆ ಕೆಡವುವುದು ಕಷ್ಟ.

ನಮ್ಮ ತಾಲ್ಲೂಕಿನ ಆರೋಗ್ಯ ಕೇಂದ್ರವೊಂದರ ಕೆಲಸ ಬಂದಾಗ ಇದೇ ತಲೆಯಲ್ಲಿತ್ತು. ಅಲ್ಲಿ ಚಾವಣಿಯ ಮೇಲೆ ಫಲಕಗಳು ಮೊದಲೇ ಇದ್ದವು. ಆದರೂ ಕರೆಂಟ್ ಹೋದೊಡನೆ, ಮಟಮಟ ಮಧ್ಯಾಹ್ನದಲ್ಲೂ, ಕಟ್ಟಡವೆಲ್ಲ ಕತ್ತಲೆ. ಫಲಕದ ಕರೆಂಟನ್ನು ಹೊರಗಿನ ಲೈನಿಗೆ (ಗ್ರಿಡ್) ಜೋಡಿಸುವ, ಬ್ಯಾಟರಿಯಿಲ್ಲದ ಗ್ರಿಡ್ ಇನ್ವರ್ಟರ್ ಹಾಗೆಯೇ. ಕಂಬ ಹತ್ತಿದ ಲೈನ್‌ಮನ್‌ಗೆ ಶಾಕ್ ತಗುಲಬಾರದೆಂದು ಲೈನ್ ಸತ್ತಾಗ ಅದೂ ನಿಲ್ಲುತ್ತದೆ. ಲೈನ್ ಸತ್ತರೂ ಬ್ಯಾಟರಿಯಿಂದ ಕರೆಂಟ್ ಕೊಡುವ ಹೈಬ್ರಿಡ್ ಇನ್ವರ್ಟರ್, ಲಿಥಿಯಂ ಬ್ಯಾಟರಿ ಹಾಕಬೇಕೆಂಬುದು ಸ್ಪಷ್ಟವಿತ್ತು. ಯಾವುದಕ್ಕೆ ಕರೆಂಟ್ ಉಳಿಸಬೇಕು ಎಂಬುದಕ್ಕೇ ಹೆಚ್ಚು ಹೊತ್ತು ಬೇಕಾಯಿತು.

"ಫ್ಯಾನ್ ಇಲ್ಲದಿದ್ದರೆ ಸಹಿಸಿಕೊಳ್ಳುತ್ತೇವೆ ಅಣ್ಣಾ, ಲಸಿಕೆ ಫ್ರಿಜ್ ಮತ್ತು ಕೂಸನ್ನು ಬೆಚ್ಚಗಿಡುವ ವಾರ್ಮರ್ ನಿಲ್ಲಬಾರದು" ಎಂದರು ಸಿಸ್ಟರ್. ಅವರ ಮಾತನ್ನೇ ನಕ್ಷೆ ಮಾಡಿಕೊಂಡೆ. ಹೆರಿಗೆ ಕೋಣೆಯ ದೀಪ, ವಾರ್ಮರ್, ಫ್ರಿಜ್ ಇಷ್ಟಕ್ಕೆ ಬೇರೆ ವೈರ್ ಎಳೆದು ಬೇರೆ ಡಿಬಿ (ಕರೆಂಟ್ ಹಂಚುವ ಪೆಟ್ಟಿಗೆ) ಕೂರಿಸಿದೆವು. ಗೀಸರ್, ಉಪಕರಣಗಳನ್ನು ಹಬೆಯಲ್ಲಿ ಶುದ್ಧಮಾಡುವ ಆಟೋಕ್ಲೇವ್ ಗ್ರಿಡ್‌ನಲ್ಲೇ ಉಳಿದವು.

ಪರೀಕ್ಷೆಯನ್ನು ರಾತ್ರಿಯೇ ಮಾಡಿದೆವು. ವಾರ್ಮರ್ ಪೂರ್ತಿ ಕಾಯುವಂತೆ ಬಿಟ್ಟು ಮೇನ್ ಇಳಿಸಿದೆ. ಫ್ರಿಜ್‌ನ ಕಂಪ್ರೆಸರ್ ಶುರುವಾಗುವ ಗಳಿಗೆ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಹಿಡಿದು ಅದಕ್ಕೇ ಕಾದೆ. ಅಂಕಿ ಒಮ್ಮೆ ಮೇಲೆ ಜಿಗಿದು ಇಳಿಯಿತು. ದೀಪ ಮಿಣುಕಲಿಲ್ಲ. ಫ್ರಿಜ್ 2ರಿಂದ 8 ಡಿಗ್ರಿಯೊಳಗೇ ಇತ್ತು.

ಇದೇ ನಕ್ಷೆ ಉಕ್ರೇನಿಗೆ ಹಾಗೆಯೇ ಹೊಂದದು. ಅಲ್ಲಿ ಚಳಿಗಾಲದ ಹಗಲು ಗಿಡ್ಡ, ಫಲಕದ ಮೇಲೆ ಹಿಮ. ಗಾಳಿಯ ಪಾಲು ಹೆಚ್ಚಬೇಕು. ನಮ್ಮಲ್ಲಿ ಮೋಡ ಕವಿಯುವ ಆಷಾಢದಲ್ಲೇ ಗದಗಿನ ಕಪ್ಪತಗುಡ್ಡದ ಗಾಳಿಯಂತ್ರಗಳು ಜೋರಾಗಿ ತಿರುಗುತ್ತವೆ. ಆದರೆ ಆಸ್ಪತ್ರೆ, ನೀರಿನ ಪಂಪುಗಳಿಗೆ ಮೊದಲು ಸ್ವಂತ ಕರೆಂಟ್ ಕೊಟ್ಟು, ದೊಡ್ಡ ಜಾಲವನ್ನು ಆಮೇಲೆ ಹೆಣೆಯುವ ಕ್ರಮ ಎರಡೂ ಕಡೆ ಸಲ್ಲುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ. ಈಗ ಪಕ್ಕದ ಊರಿನ ಕುಡಿಯುವ ನೀರಿನ ಪಂಪಿಗೆ ಕೈ ಹಾಕಿದ್ದೇವೆ. ಅದರ ಮೋಟಾರು ಫ್ರಿಜ್‌ಗಿಂತ ಹಟಮಾರಿ, ಮೆಲ್ಲಗೆ ವೇಗ ಏರಿಸುವ ಡ್ರೈವ್ ಇಲ್ಲದೆ ಬ್ಯಾಟರಿಯ ಮೇಲೆ ಏಳುವುದಿಲ್ಲ.